ಫ್ರೈಡೇ ವೀಕ್ ಎಂದರೆ ಯಾವ ಶುಕ್ರವಾರ?

ಕಳೆದ ಅಕ್ಟೋಬರ್ 21, ಮಂಗಳವಾರ. ದೀಪಾವಳಿ ರಜೆಯಾದ್ದರಿಂದ ನಾನು ಮನೆಯಲ್ಲೇ ಇದ್ದೆ. ಊಟ ಮುಗಿಸಿ ಅಮ್ಮಿಯ ಜೊತೆ ಅಕ್ಕಿ ಆರಿಸುತ್ತಾ ಕೂತಿದ್ದಾಗ ಆಪಾಳ ಫೋನ್ ರಿಂಗಾಯಿತು. ನಂಬರು 44ರಿಂದ ಶುರುವಾಗಿತ್ತು. ಆಪಾ ಒದ್ದೆ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು ಫೋನ್ ಎತ್ತಿಕೊಂಡು ಹಿತ್ತಲಿಗೆ ಓಡಿದಳು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುವುದು ನುಗ್ಗೆ ಮರದ ಕೆಳಗೆ ಮಾತ್ರ.

ಈ ಫೋನಿಗಾಗಿ ನಾವು ಎಷ್ಟು ಕಾದಿದ್ದೆವು ಎಂದು ಮೊದಲು ಹೇಳಬೇಕು. ಆಪಾ ದಾವಣಗೆರೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿದವಳು. ಇಂಗ್ಲೆಂಡಿನಲ್ಲಿ ನರ್ಸ್ ಆಗಬೇಕಾದರೆ ಮೊದಲು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಅದರ ಶುಲ್ಕಕ್ಕೆ, ಉಳಿದ ಕಾಗದಪತ್ರಗಳ ಖರ್ಚಿಗೆ ಅಮ್ಮಿಯ ಎರಡು ಬಳೆ ಒತ್ತೆ ಹೋಗಿದ್ದವು. ಪರೀಕ್ಷೆಯಲ್ಲಿ ಬೇಕಾದ ಗ್ರೇಡ್ ಬಂತು. ಮೂರು ಕಡೆ ಅರ್ಜಿ ಹಾಕಿದಳು. ಎರಡು ಕಡೆಯಿಂದ ಉತ್ತರವೇ ಬರಲಿಲ್ಲ. ಉಳಿದದ್ದು ಇಂಗ್ಲೆಂಡಿನ ಉತ್ತರ ಭಾಗದ ಒಂದು ಆಸ್ಪತ್ರೆ. ಈ ಫೋನ್ ಅಲ್ಲಿಂದಲೇ.

ಐದು ನಿಮಿಷದಲ್ಲಿ ಆಪಾ ಒಳಗೆ ಬಂದಳು. ಮುಖ ಅರಳಿತ್ತು. ಅಂಗೈ ಮೇಲೆ ಪೆನ್ನಿನಲ್ಲಿ ಎರಡೇ ಮಾತು ಬರೆದುಕೊಂಡಿದ್ದಳು: ‘ಫ್ರೈಡೇ’, ‘ಹಾಫ್ ಟೂ’. "ಆನ್‌ಲೈನ್ ಇಂಟರ್‌ವ್ಯೂ ಅಂತೆ. ಲಿಂಕನ್ನು ‘ಇನ್ ಡ್ಯೂ ಕೋರ್ಸ್’ ಕಳಿಸ್ತಾರಂತೆ" ಎಂದಳು. ಫೋನ್ ಮಾಡಿದ ಹೆಂಗಸು ‘ಫ್ರೈಡೇ ವೀಕ್, ಹಾಫ್ ಟೂ, ಅವರ್ ಟೈಮ್’ ಎಂದಿದ್ದರಂತೆ. ‘ವೀಕ್’ ಎಂಬುದು ಆಪಾಳಿಗೆ ಅಲ್ಲಿಯವರ ಮಾತಿನ ಶೈಲಿ ಎಂದು ತೋರಿತು. ನಾವೂ ‘ಶುಕ್ರವಾರದ ದಿವಸ’ ಎನ್ನುವುದಿಲ್ಲವೇ, ಹಾಗೆ. ಅದನ್ನು ಬರೆದುಕೊಳ್ಳಲೇ ಇಲ್ಲ.

‘ಹಾಫ್ ಟೂ’ ಎಂದರೆ ಎಷ್ಟು ಗಂಟೆ? ಇದರ ಮೇಲೆ ಅಂದು ಸಂಜೆ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಅಬ್ಬಾ ಟೈಲರ್. ಮೂವತ್ತು ವರ್ಷದಿಂದ ಸವಾ ಮೀಟರ್, ಡೇಡ್ ಮೀಟರ್, ಢಾಯಿ ಮೀಟರ್ ಎಂದು ಬಟ್ಟೆ ಅಳೆದವರು. ಅವರ ಲೆಕ್ಕ ಬಹಳ ಸರಳವಾಗಿತ್ತು. "ಪೌನೆ ದೋ ಅಂದ್ರೆ ಎಷ್ಟು? ಎರಡಕ್ಕೆ ಕಾಲು ಕಮ್ಮಿ. ಹಾಗಾದ್ರೆ ಹಾಫ್ ಟೂ ಅಂದ್ರೆ ಎರಡಕ್ಕೆ ಅರ್ಧ ಕಮ್ಮಿ. ಒಂದೂವರೆ." ನಾನು ಒಂದನೇ ತರಗತಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿದವಳು. ನನ್ನ ತಲೆಯಲ್ಲಿ ಓಡಿದ್ದು ಬೇರೆ. ಕನ್ನಡದಲ್ಲಿ ನಾವು ಗಂಟೆಗೆ ಕೂಡಿಸುತ್ತಲೇ ಹೋಗುತ್ತೇವೆ, ಕಳೆಯುವುದಿಲ್ಲ. ಒಂದೂಕಾಲು, ಒಂದೂವರೆ, ಒಂದೂಮುಕ್ಕಾಲು. ಉರ್ದುವಿನಲ್ಲಿ ಒಂದೂಮುಕ್ಕಾಲನ್ನು ಹೇಳಲು ಎರಡರ ತನಕ ಹೋಗಿ ಕಾಲು ಹಿಂದೆ ಬರಬೇಕು. ಹಾಫ್ ಮತ್ತು ಟೂ ಎರಡನ್ನೂ ಕನ್ನಡದಲ್ಲಿ ಕೂಡಿಸಿದರೆ ಎರಡೂವರೆ. ಹಾಗೆಂದು ಹೇಳಿದೆ.

"ನೀನು ಇನ್ನೂ ಪಿಯುಸಿ" ಎಂದರು ಅಬ್ಬಾ. ಚರ್ಚೆ ಮುಗಿಯಿತು. ಆಪಾ ಕ್ಯಾಲೆಂಡರಿನಲ್ಲಿ 24ನೇ ತಾರೀಕಿಗೆ ಗುಂಡಗೆ ಸುತ್ತು ಹಾಕಿ, ಇಂಗ್ಲೆಂಡಿನ ಒಂದೂವರೆಗೆ ನಾಲ್ಕೂವರೆ ಗಂಟೆ ಕೂಡಿಸಿ, ನಮ್ಮ ಸಂಜೆ ಆರು ಗಂಟೆ ಎಂದು ಬರೆದಳು.

ಆ ಶುಕ್ರವಾರ ಮನೆಗೆ ಸುಣ್ಣ ಬಳಿಯುವುದೊಂದು ಬಾಕಿ. ಆಪಾ ಕೂರುವ ಜಾಗದ ಹಿಂದಿನ ಗೋಡೆಗೆ ಅಮ್ಮಿ ಹೊಸ ಪರದೆ ಕಟ್ಟಿದರು. ಪಕ್ಕದ ಮನೆಯವರ ವೈಫೈ ಪಾಸ್‌ವರ್ಡ್ ಕೇಳಿ ತಂದೆ. ಅಬ್ಬಾ ಜುಮಾ ಮುಗಿಸಿ ಅಂಗಡಿ ತೆರೆಯದೆ ನೇರ ಮನೆಗೆ ಬಂದರು. ಐದೂಮುಕ್ಕಾಲಿಗೇ ಆಪಾ ಲ್ಯಾಪ್‌ಟಾಪ್ ಮುಂದೆ ಕೂತಳು. ಲಿಂಕ್ ಮಾತ್ರ ಬಂದಿರಲಿಲ್ಲ. ಆರು ಗಂಟೆಯ ಹೊತ್ತಿಗೆ ಮಗ್ರಿಬ್ ಅಜಾನ್ ಆಯಿತು. ಅಬ್ಬಾ ಮಸೀದಿಗೆ ಹೋಗಿ ಬಂದರು. ಅಮ್ಮಿಯ ನಮಾಜ್ ಆಯಿತು. ಆರೂವರೆ. ಏಳು. ಆಪಾ ಹತ್ತು ಸಲ ಮೇಲ್ ತೆರೆದು ನೋಡಿದಳು. ಎಂಟು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ, ಏನೂ ಹೇಳದೆ ಒಳಗೆ ಹೋಗಿ ಮಲಗಿಬಿಟ್ಟಳು. ನಮ್ಮ ಮನೆಯಲ್ಲಿ ಅಂದು ರಾತ್ರಿ ಯಾರೂ ಬಳೆಯ ಮಾತು ಎತ್ತಲಿಲ್ಲ. ಆದರೆ ಅಮ್ಮಿ ತಮ್ಮ ಖಾಲಿ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತಾ ಕೂತಿದ್ದನ್ನು ನಾನು ನೋಡಿದೆ.

ಮರುದಿನ ಶನಿವಾರ. ಕಾಲೇಜಿಗೆ ಬಂದವಳೇ ನಮ್ಮ ಇಂಗ್ಲಿಷ್ ಮೇಡಂ ಅವರ ಬಳಿ ಸ್ಟಾಫ್‌ರೂಮಿಗೆ ಹೋದೆ. ನಾನು ಅರ್ಧ ಹೇಳುವಷ್ಟರಲ್ಲೇ ಅವರು ಕೈ ಎತ್ತಿ ನಿಲ್ಲಿಸಿದರು. "ಫ್ರೈಡೇ ಅಂದ್ರಾ, ಫ್ರೈಡೇ ವೀಕ್ ಅಂದ್ರಾ?"

ಫ್ರೈಡೇ ವೀಕ್ ಎಂದೆ.

"ಹಾಗಾದ್ರೆ ಇಂಟರ್‌ವ್ಯೂ ಇನ್ನೂ ಆಗೇ ಇಲ್ಲ ಕಣಮ್ಮ. ಫ್ರೈಡೇ ವೀಕ್ ಅಂದ್ರೆ ಈ ಶುಕ್ರವಾರ ಬಿಟ್ಟು ಅದರ ಮುಂದಿನ ಶುಕ್ರವಾರ. ಶುಕ್ರವಾರಕ್ಕೆ ಒಂದು ವಾರ ಸೇರಿಸಬೇಕು. 31ನೇ ತಾರೀಕು."

ಸ್ಟಾಫ್‌ರೂಮಿನಲ್ಲಿ ಅಳಬಾರದು ಎಂದು ಗೊತ್ತಿದ್ದೂ ನನಗೆ ಕಣ್ಣು ತುಂಬಿತು. ಮೇಡಂ ತಮ್ಮ ಬಾಟಲಿಯ ನೀರು ಕೊಟ್ಟರು. ಆಮೇಲೆ ‘ಹಾಫ್ ಟೂ’ ಬಗ್ಗೆ ಕೇಳಿದೆ. ಅದು ‘ಹಾಫ್ ಪಾಸ್ಟ್ ಟೂ’ ಎಂಬುದರ ಮೊಟಕು ರೂಪವಂತೆ. ನಡುವಿನ ‘ಪಾಸ್ಟ್’ ಅನ್ನು ಬ್ರಿಟನ್ನಿನವರು ಮಾತಿನಲ್ಲಿ ನುಂಗಿಬಿಡುತ್ತಾರೆ. ಹಾಗಾಗಿ ಎರಡೂವರೆ. ಕನ್ನಡ ಗೆದ್ದಿತು ಎಂದು ನಾನು ಹಿಗ್ಗುವಷ್ಟರಲ್ಲಿ ಮೇಡಂ ಇನ್ನೊಂದು ಮಾತು ಹೇಳಿದರು: "ನಿಮ್ಮ ತಂದೆಯೂ ತಪ್ಪಲ್ಲ. ಜರ್ಮನ್ ಭಾಷೆಯಲ್ಲಿ ‘ಹಾಲ್ಬ್ ಜ್ವೈ’ ಅಂತಾರೆ, ಪದಕ್ಕೆ ಪದ ನೋಡಿದರೆ ಹಾಫ್ ಟೂ ಅಂತಲೇ. ಆದರೆ ಅದರ ಅರ್ಥ ಒಂದೂವರೆ." ಇಂಗ್ಲಿಷಿಗೆ ಸ್ವಂತ ನೆಂಟನಾದ ಭಾಷೆಯಲ್ಲೇ ಒಂದು ಗಂಟೆಯ ವ್ಯತ್ಯಾಸ! ನನ್ನ ಟೈಲರ್ ಅಬ್ಬಾ ಜರ್ಮನರಂತೆ ಲೆಕ್ಕ ಹಾಕಿದ್ದರು ಎಂದು ಮನೆಯಲ್ಲಿ ಹೇಳಿದಾಗ ಅವರಿಗೆ ಸೋತ ಬೇಸರವೆಲ್ಲ ಹೋಯಿತು.

ಅಮೆರಿಕದವರು ‘ಹಾಫ್ ಟೂ’ ಎನ್ನುವುದು ಅಪರೂಪವಂತೆ. ಆದರೆ ಅವರಲ್ಲಿ ‘ಎ ಕ್ವಾರ್ಟರ್ ಆಫ್ ಟೂ’ ಎಂಬ ಮಾತಿದೆ. ಅದು ಎರಡಕ್ಕೆ ಕಾಲು ಕಮ್ಮಿ, ಅಂದರೆ ನಮ್ಮ ಪೌನೆ ದೋ. ಒಂದೇ ಇಂಗ್ಲಿಷ್ ಎಂದು ನಾವು ಹೆದರಿಕೊಂಡು ಕಲಿಯುತ್ತಿರುವುದು ಒಂದೇ ಅಲ್ಲ ಎಂದು ನನಗೆ ಆ ದಿನ ಮೊದಲ ಸಲ ತಿಳಿಯಿತು. ದಕ್ಷಿಣ ಆಫ್ರಿಕಾದವರು ‘ಜಸ್ಟ್ ನೌ ಬರ್ತೀನಿ’ ಎಂದರೆ ಈಗಲೇ ಬರುತ್ತಾರೆ ಎಂದು ಬಾಗಿಲಲ್ಲಿ ನಿಲ್ಲಬಾರದು. ಅಲ್ಲಿ ಅದಕ್ಕೆ ‘ಆಮೇಲೆ ಯಾವಾಗಲಾದರೂ’ ಎಂದು ಅರ್ಥ. ಬೇಗ ಬರುವುದಿದ್ದರೆ ‘ನೌ ನೌ’ ಎನ್ನಬೇಕು. ನಮ್ಮೂರ ಗ್ಯಾರೇಜಿನವರ ‘ಐದೇ ನಿಮಿಷ’ ನೆನಪಾಯಿತು.

ಅಂದಿನಿಂದ ನನಗೆ ಇದೊಂದು ಹುಚ್ಚು ಹಿಡಿಯಿತು. ಲೈಬ್ರರಿಯ ದಪ್ಪ ನಿಘಂಟನ್ನು ಬಿಡುವಿನ ವೇಳೆಯಲ್ಲಿ ತೆಗೆದು ಕೂರುತ್ತಿದ್ದೆ. ಲೈಬ್ರರಿಯನ್ ಸರ್ ಒಂದೆರಡು ಸಲ ಅನುಮಾನದಿಂದಲೂ ನೋಡಿದರು. ‘ಫೋರ್ಟ್‌ನೈಟ್’ ಎಂದರೆ ಎರಡು ವಾರ ಎಂದು ಎಲ್ಲರಿಗೂ ಗೊತ್ತು. ಅದು ‘ಫೋರ್ಟೀನ್ ನೈಟ್ಸ್’, ಅಂದರೆ ಹದಿನಾಲ್ಕು ರಾತ್ರಿ ಎಂಬುದರಿಂದ ಬಂದದ್ದು. ಹಿಂದೆ ಒಂದು ವಾರಕ್ಕೂ ‘ಸೆನೈಟ್’, ಏಳು ರಾತ್ರಿ, ಎನ್ನುತ್ತಿದ್ದರು. ಆ ಪದ ಈಗ ಸತ್ತಿದೆ. ದಿನ ಬಿಟ್ಟು ರಾತ್ರಿಯನ್ನು ಏಕೆ ಎಣಿಸಿದರು? ಸುಮಾರು 1,900 ವರ್ಷಗಳ ಹಿಂದೆ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಜರ್ಮಾನಿಕ್ ಬುಡಕಟ್ಟುಗಳ ಬಗ್ಗೆ ಬರೆಯುತ್ತಾ, ಆ ಜನ ನಮ್ಮಂತೆ ಹಗಲನ್ನು ಎಣಿಸುವುದಿಲ್ಲ, ರಾತ್ರಿಗಳನ್ನು ಎಣಿಸುತ್ತಾರೆ, ಅವರಿಗೆ ರಾತ್ರಿ ಮೊದಲು, ಹಗಲು ನಂತರ ಎಂದು ದಾಖಲಿಸಿದ್ದಾನೆ. ಇಂಗ್ಲಿಷರ ಪೂರ್ವಜರು ಆ ಕಡೆಯವರೇ.

ಇದನ್ನು ದಾದಿಗೆ ಹೇಳಿದಾಗ ಅವರಿಗೆ ಏನೂ ಆಶ್ಚರ್ಯವಾಗಲಿಲ್ಲ. "ಅದರಲ್ಲೇನಿದೆ? ನಾವೂ ಹಾಗೇ ಅಲ್ವಾ" ಎಂದರು. ನಿಜ. ನಮ್ಮ ಮನೆಗಳಲ್ಲಿ ಗುರುವಾರಕ್ಕೆ ಜುಮೆರಾತ್ ಎನ್ನುತ್ತೇವೆ. ಬಿಡಿಸಿ ನೋಡಿದರೆ ಅದು ಜುಮಾದ ರಾತ್ರಿ, ಶುಕ್ರವಾರದ ರಾತ್ರಿ. ಮಗ್ರಿಬ್ ಆದೊಡನೆ ನಮ್ಮ ತಾರೀಕು ಬದಲಾಗುತ್ತದೆ, ಆದ್ದರಿಂದ ಶುಕ್ರವಾರದ ರಾತ್ರಿ ಶುಕ್ರವಾರದ ಹಗಲಿಗಿಂತ ಮೊದಲು ಬರುತ್ತದೆ. ಆ ರಾತ್ರಿಯ ಹೆಸರೇ ಇಡೀ ಗುರುವಾರಕ್ಕೆ ಅಂಟಿಕೊಂಡಿತು. ಇಷ್ಟು ವರ್ಷ ದಿನಾ ಬಾಯಲ್ಲಿದ್ದ ಪದವನ್ನು ನಾನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಇಂಗ್ಲಿಷಿನ ‘ಕ್ರಿಸ್‌ಮಸ್ ಈವ್’ ಕೂಡ ಇದೇ ಜಾತಿಯದು. ಹಬ್ಬ 25ಕ್ಕೆ, ಅದರ ‘ಸಂಜೆ’ 24ಕ್ಕೆ. ಆದರೆ ಇಂದಿನ ಇಂಗ್ಲಿಷಿನವರ ‘ಫ್ರೈಡೇ ನೈಟ್’ ಮಾತ್ರ ಶುಕ್ರವಾರ ಮುಗಿದ ಮೇಲಿನ ರಾತ್ರಿ. ದಾದಿಯ ಜೊತೆ ಯಾರಾದರೂ ಇಂಗ್ಲಿಷರು ಮದುವೆಗೆ ದಿನ ಗೊತ್ತು ಮಾಡಿದರೆ ಒಂದು ಕಡೆಯವರು ಇಪ್ಪತ್ನಾಲ್ಕು ಗಂಟೆ ಮೊದಲೇ ಬಂದು ಚಪ್ಪರದಡಿ ಕೂರಬೇಕಾಗುತ್ತದೆ.

ಎಣಿಕೆಯಲ್ಲಿ ನಾವೇನೂ ಕಡಿಮೆಯಿಲ್ಲ ಅನ್ನಿ. ಅವರ ಎರಡು ವಾರಕ್ಕೆ ಹದಿನಾಲ್ಕು ರಾತ್ರಿಯಾದರೆ, ಅಮ್ಮಿಯ ಎರಡು ವಾರಕ್ಕೆ ಹದಿನೈದು ದಿನ. ಒಂದು ವಾರಕ್ಕೆ ಎಂಟು ದಿನ. "ಎಂಟು ದಿನ ಬಿಟ್ಟು ಬಾ" ಎಂದು ಹಾಲಿನವನಿಗೆ ಹೇಳಿದರೆ ಅವನು ಸರಿಯಾಗಿ ಏಳನೇ ದಿನ ಅದೇ ವಾರಕ್ಕೆ ಬಂದು ನಿಲ್ಲುತ್ತಾನೆ. ಇಬ್ಬರಿಗೂ ಗೊಂದಲವಿಲ್ಲ. ದಾದಿಯ ‘ಕಲ್’ ಇನ್ನೂ ವಿಚಿತ್ರ. ಅದು ನಿನ್ನೆಯೂ ಹೌದು, ನಾಳೆಯೂ ಹೌದು. ವಾಕ್ಯದ ಕೊನೆಗೆ ಬರುವ ಕ್ರಿಯಾಪದವನ್ನು ಕೇಳಿಸಿಕೊಂಡರೆ ಮಾತ್ರ ಅವರು ನಿನ್ನೆಯಲ್ಲಿದ್ದಾರೋ ನಾಳೆಯಲ್ಲಿದ್ದಾರೋ ತಿಳಿಯುವುದು. ಕನ್ನಡಕ್ಕೆ ಈ ತೊಂದರೆಯಿಲ್ಲ. ಮೊನ್ನೆ, ನಿನ್ನೆ, ನಾಳೆ, ನಾಡಿದ್ದು ಎಂದು ಒಂದೊಂದಕ್ಕೆ ಒಂದೊಂದು ಪದ. ಇಂಗ್ಲಿಷಿನವರು ನಾಡಿದ್ದಿಗೆ ‘ದ ಡೇ ಆಫ್ಟರ್ ಟುಮಾರೋ’ ಎಂದು ನಾಲ್ಕು ಪದ ಖರ್ಚು ಮಾಡಬೇಕು. ಅವರಲ್ಲೂ ಹಿಂದೆ ‘ಓವರ್‌ಮಾರೋ’ ಎಂಬ ಒಂದೇ ಪದ ಇತ್ತು. ಏಕೋ ಉಳಿಸಿಕೊಳ್ಳಲಿಲ್ಲ. ಈ ಒಂದು ವಿಷಯದಲ್ಲಿ ನನಗೆ ಅವರ ಮೇಲೆ ಕನಿಕರ ಬರುತ್ತದೆ.

ಇರಲಿ, ಆಪಾಳ ಕಥೆಗೆ ಬರುತ್ತೇನೆ.

ಅಕ್ಟೋಬರ್ 30ರ ಗುರುವಾರ, ಅಂದರೆ ಜುಮೆರಾತ್, ಸಂಜೆ ಲಿಂಕ್ ಬಂತು. ‘ಇನ್ ಡ್ಯೂ ಕೋರ್ಸ್’ ಎಂದರೆ ಹಿಂದಿನ ದಿನ ಎಂದು ನಮಗೆ ಆಗ ಗೊತ್ತಾಯಿತು. ಆ ಮಾತಿಗೆ ತಾರೀಕೇ ಇಲ್ಲ. ಆಗುವ ಹೊತ್ತಿಗೆ ಆಗುತ್ತದೆ ಎಂದಷ್ಟೇ ಅರ್ಥ. ಸರ್ಕಾರಿ ಕಚೇರಿಯ ಕಾಗದ ಓದಿದವರಿಗೆ ಇದರ ಕನ್ನಡ ರೂಪ ಪರಿಚಯವಿರುತ್ತದೆ. ಮೇಲ್‌ನಲ್ಲಿ 14:30 ಎಂದಿತ್ತು. ಎರಡೂವರೆ, ಸರಿ. ಪಕ್ಕದಲ್ಲಿ ‘ಜಿಎಂಟಿ’ ಎಂದಿತ್ತು. ಅದನ್ನು ನಾವು ಓದಿದೆವು, ಆದರೆ ಗಮನಿಸಲಿಲ್ಲ. ಎರಡೂವರೆಗೆ ನಾಲ್ಕೂವರೆ ಕೂಡಿಸಿ ಏಳು ಗಂಟೆ ಎಂದು ಆಪಾ ಬರೆದಳು.

ಶುಕ್ರವಾರ ಮತ್ತೆ ಪರದೆ ಕಟ್ಟಿದ್ದಾಯಿತು. ಮಗ್ರಿಬ್ ನಮಾಜ್ ಮುಗಿಸಿಯೇ ಆಪಾ ಕೂತಳು. ಏಳಕ್ಕೆ ಐದು ನಿಮಿಷ ಇರುವಾಗ ಲಿಂಕ್ ಒತ್ತಿದಳು. ‘ದಯವಿಟ್ಟು ಕಾಯಿರಿ, ಸ್ವಲ್ಪದರಲ್ಲೇ ನಿಮ್ಮನ್ನು ಒಳಗೆ ಬಿಡಲಾಗುವುದು’ ಎಂಬ ಅರ್ಥದ ಇಂಗ್ಲಿಷ್ ಸಾಲು ಬಂತು. ಏಳು ಆಯಿತು. ಏಳೂ ಹತ್ತು ಆಯಿತು. ಆಪಾಳ ಮುಖದಲ್ಲಿ ಹಿಂದಿನ ಶುಕ್ರವಾರ ಮರಳಿ ಬರುತ್ತಿತ್ತು. ಅಬ್ಬಾ ಬಾಗಿಲಲ್ಲಿ ನಿಂತು ತಸ್ಬೀಹ್ ಎಣಿಸುತ್ತಿದ್ದರು. ನನಗೆ ಏನು ಹೊಳೆಯಿತೋ, ಮೊಬೈಲಿನಲ್ಲಿ ಲಂಡನ್ನಿನಲ್ಲಿ ಈಗ ಎಷ್ಟು ಗಂಟೆ ಎಂದು ಹುಡುಕಿದೆ. 1:42 ಎಂದು ತೋರಿಸಿತು.

ನಮ್ಮಲ್ಲಿ ಏಳು ಗಂಟೆ ಹನ್ನೆರಡು ನಿಮಿಷ. ನಾಲ್ಕೂವರೆ ಕಳೆದರೆ 2:42 ಇರಬೇಕಿತ್ತು. ಒಂದು ಗಂಟೆ ಎಲ್ಲಿ ಹೋಯಿತು?

ಆ ಒಂದು ಗಂಟೆಯ ಕಥೆಯನ್ನು ಆಮೇಲೆ ಓದಿ ತಿಳಿದುಕೊಂಡೆ. ಬ್ರಿಟನ್ನಿನವರು ಪ್ರತಿವರ್ಷ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೂ ತಿರುಗಿಸುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಬಹಳ ಬೇಗ ಬೆಳಗಾಗುತ್ತದೆ, ಜನ ಮಲಗಿರುವಾಗ ಬೆಳಕು ವ್ಯರ್ಥವಾಗುತ್ತದೆ ಎಂದು ವಿಲಿಯಂ ವಿಲೆಟ್ ಎಂಬ ಕಟ್ಟಡ ಕಟ್ಟಿಸುವವರೊಬ್ಬರು 1907ರಲ್ಲಿ ಒಂದು ಕಿರುಹೊತ್ತಗೆ ಬರೆದು ಗಡಿಯಾರ ತಿರುಗಿಸಲು ಸಲಹೆ ಕೊಟ್ಟರು. 1915ರಲ್ಲಿ ಅವರು ತೀರಿಕೊಂಡರು. ಮಹಾಯುದ್ಧದ ನಡುವೆ 1916ರಲ್ಲಿ ಅದು ಜಾರಿಯಾಯಿತು. ನಮಗೆ ಇಂಥದ್ದೇನೂ ಇಲ್ಲ. ನಮ್ಮ ಸಮಯವನ್ನು 82½ ಡಿಗ್ರಿ ಪೂರ್ವ ರೇಖಾಂಶದಿಂದ ತೆಗೆದದ್ದು. 15 ಡಿಗ್ರಿಗೆ ಒಂದು ಗಂಟೆಯಂತೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಅವರು ಬೇಸಿಗೆಯಲ್ಲಿ ಒಂದು ಗಂಟೆ ನಮ್ಮ ಹತ್ತಿರ ಬರುತ್ತಾರೆ, ಚಳಿಗಾಲದಲ್ಲಿ ದೂರ ಹೋಗುತ್ತಾರೆ. ಆಪಾಳ ಫೋನಿಗೂ ಇಂಟರ್‌ವ್ಯೂಗೂ ನಡುವೆ ಅಕ್ಟೋಬರ್ 26ರ ಭಾನುವಾರ ಬಂದು ಹೋಗಿತ್ತು. ಎರಡೂವರೆ ಎರಡೂವರೆಯಾಗಿಯೇ ಇತ್ತು. ನಮ್ಮ ಏಳು ಮಾತ್ರ ಎಂಟಾಗಿತ್ತು.

ಆಗ ಇದೆಲ್ಲ ಯಾರಿಗೆ ಗೊತ್ತಿತ್ತು? "ಆಪಾ, ಇನ್ನೂ ಮುಕ್ಕಾಲು ಗಂಟೆ ಟೈಮ್ ಇದೆ" ಎಂದೆ. ಆಪಾ ನನ್ನ ಮೊಬೈಲನ್ನು ಕಿತ್ತುಕೊಂಡು ತಾನೇ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಅಮ್ಮಿ ಎಲ್ಲರಿಗೂ ಚಹಾ ಮಾಡಿದರು.

ಸರಿಯಾಗಿ ಎಂಟು ಗಂಟೆಗೆ ಪರದೆಯ ಮೇಲೆ ಮೂವರು ಕಾಣಿಸಿದರು. ನಾವೆಲ್ಲ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆವು. ಕೆಲವು ಪ್ರಶ್ನೆ ಔಷಧಿಯ ಮೇಲೆ, ಕೆಲವು ರೋಗಿ ಕೆಳಗೆ ಬಿದ್ದರೆ ಏನು ಮಾಡುವೆ ಎಂಬಂಥವು. ನಡುವೆ ಒಬ್ಬರು ‘ಟೆಲ್ ಅಸ್ ಅಬೌಟ್ ಎ ಟೈಮ್ ವೆನ್...’ ಎಂದು ಒಂದು ಪ್ರಶ್ನೆ ಶುರು ಮಾಡಿದರು. ಇಲ್ಲಿ ‘ಟೈಮ್’ ಎಂದರೆ ಗಂಟೆಯಲ್ಲ, ಒಂದು ಸಂದರ್ಭ. ಸೂಚನೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡ ಒಂದು ಸಂದರ್ಭ ಹೇಳು, ಆಮೇಲೆ ಏನು ಮಾಡಿದೆ ಎಂದು ಹೇಳು ಎಂಬುದು ಪ್ರಶ್ನೆ. ಆಪಾ ಒಂದು ಕ್ಷಣ ಸುಮ್ಮನಾದಳು. ಇಂಥ ಪ್ರಶ್ನೆಗೆಂದು ಬೆಂಗಳೂರಿನ ಆಸ್ಪತ್ರೆಯ ಒಂದು ಘಟನೆಯನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದಳು, ನನಗೆ ಗೊತ್ತು, ನಾನೇ ಕೇಳಿಸಿಕೊಂಡಿದ್ದೆ. ಅದನ್ನು ಹೇಳಲಿಲ್ಲ. ಫ್ರೈಡೇ ವೀಕ್ ಕಥೆಯನ್ನು ಹೇಳಿಬಿಟ್ಟಳು. ಹಾಫ್ ಟೂ, ಅಬ್ಬಾರ ಬಟ್ಟೆಯ ಲೆಕ್ಕ, ಕಳೆದುಹೋದ ಒಂದು ಗಂಟೆ, ಎಲ್ಲ.

ಅಮ್ಮಿ ತಲೆಗೆ ಕೈ ಹೊತ್ತರು. ಆದರೆ ಆ ಕಡೆಯಿಂದ ನಗು ಕೇಳಿಸಿತು. ಫೋನ್ ಮಾಡಿದ್ದ ಹೆಂಗಸೂ ಆ ಮೂವರಲ್ಲಿ ಒಬ್ಬರು, ಅವರು ಎರಡೆರಡು ಸಲ ಸಾರಿ ಕೇಳಿದರು. ನಗು ನಿಂತ ಮೇಲೆ ಆಪಾ ಹೇಳಿದ್ದು ನನಗೆ ಇನ್ನೂ ನೆನಪಿದೆ. "ಫೋನಿನಲ್ಲಿ ನಾನು ಯೆಸ್ ಯೆಸ್ ಅಂದುಬಿಟ್ಟೆ. ತಾರೀಕು, ಗಂಟೆ ಎರಡನ್ನೂ ನಿಮಗೇ ತಿರುಗಿ ಹೇಳಿ ಸರೀನಾ ಅಂತ ಕೇಳಬೇಕಿತ್ತು. ವಾರ್ಡಿನಲ್ಲಿ ಡಾಕ್ಟರು ಹೇಳಿದ್ದನ್ನು ಹಾಗೇ ತಿರುಗಿ ಹೇಳ್ತೀನಿ. ಮನೆಯಲ್ಲಿ ಮರೆತೆ." ಆಗ ಅವರು ‘ಬೈವೀಕ್ಲಿ’ ಡ್ರೆಸಿಂಗ್ ಎಂದು ಯಾರಾದರೂ ಬರೆದಿದ್ದರೆ ಏನು ಮಾಡುವೆ ಎಂದು ಕೇಳಿದರು. ಈ ಪದಕ್ಕೆ ನಿಘಂಟಿನಲ್ಲೇ ಎರಡು ಅರ್ಥ ಇದೆ. ವಾರಕ್ಕೆ ಎರಡು ಸಲ ಎಂದೂ ಆಗುತ್ತದೆ, ಎರಡು ವಾರಕ್ಕೆ ಒಂದು ಸಲ ಎಂದೂ ಆಗುತ್ತದೆ. ಇಂಗ್ಲಿಷ್ ಮಾತಾಡುವವರೇ ಇದರಲ್ಲಿ ಎಡವುತ್ತಾರೆ. ಗಾಯಕ್ಕೆ ಅದು ಹೇಗೆ ಗೊತ್ತಾಗಬೇಕು? "ಯಾವ ಯಾವ ತಾರೀಕು ಎಂದು ಕೇಳಿ ಬರೆದುಕೊಳ್ಳುತ್ತೇನೆ" ಎಂದಳು ಆಪಾ.

ಕೊನೆಗೆ ಅವರು ಹೇಳಿದ್ದು, ನ್ಯೂ ಇಯರ್‌ನಲ್ಲಿ ತಿಳಿಸುತ್ತೇವೆ ಎಂದು. ಜನವರಿ 1ರಂದು ಅಮ್ಮಿ ಬೆಳಿಗ್ಗೆಯಿಂದ ಆಪಾಳ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಓಡಾಡಿದರು. ಏನೂ ಬರಲಿಲ್ಲ. ಈ ಸಲ ನಾನು ಮೇಡಂ ಬಳಿ ಹೋಗುವ ಮೊದಲೇ ನಿಘಂಟು ನೋಡಿದೆ. ‘ಇನ್ ದ ನ್ಯೂ ಇಯರ್’ ಎಂದರೆ ಒಂದನೇ ತಾರೀಕು ಅಲ್ಲ. ಹೊಸ ವರ್ಷ ಹುಟ್ಟಿದ ಮೇಲೆ, ಮೊದಲ ಕೆಲವು ವಾರಗಳಲ್ಲಿ ಎಂದು. ಅಮ್ಮಿಗೆ ಬಿಡಿಸಿ ಹೇಳಿದೆ. "ಹಾಗಂತ ಅವರೇ ಹೇಳಬಾರದಿತ್ತಾ" ಎಂದು ಸಿಟ್ಟಾದರು. ಜನವರಿ 14ರ ಬುಧವಾರ ಮೇಲ್ ಬಂತು. ಆಪಾ ಆಯ್ಕೆಯಾಗಿದ್ದಳು. ಓದಿ ಹೇಳುವಾಗ ಅವಳ ದನಿ ನಡುಗುತ್ತಿತ್ತು. ಅಬ್ಬಾ ಸುಮ್ಮನೆ ಹೊರಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದಾಗ ಕೈಯಲ್ಲಿ ಮೈಸೂರು ಪಾಕ್ ಪೊಟ್ಟಣ ಇತ್ತು.

ಹೊರಡುವ ದಿನ ಯಾವಾಗ ಎಂದು ಅವರು ಕೇಳಿದ್ದರು. ಆಪಾ ಈದ್ ಮುಗಿದ ಮೇಲೆ ಎಂದು ಬರೆದಳು. ಈದ್ ಯಾವ ತಾರೀಕು ಎಂದು ಮರುಪ್ರಶ್ನೆ ಬಂತು. ಮಾರ್ಚ್ 20 ಇರಬಹುದು, 21 ಇರಬಹುದು, ಚಾಂದ್ ಕಂಡರೆ ಹಿಂದಿನ ರಾತ್ರಿ ತಿಳಿಯುತ್ತದೆ ಎಂದು ಉತ್ತರಿಸಿದಳು. ಈ ಸಲ ಗೊಂದಲಕ್ಕೆ ಬೀಳುವ ಸರದಿ ಅವರದ್ದಾಯಿತು ಎಂದು ನನಗೆ ಒಳಗೊಳಗೇ ಖುಷಿ. ಕೊನೆಗೆ ಏಪ್ರಿಲ್ ಎಂದು ತೀರ್ಮಾನವಾಯಿತು.

ಇದರ ನಡುವೆ ನಮ್ಮ ಕಾಲೇಜಿನಲ್ಲೂ ಒಂದು ಪ್ರಸಂಗ ನಡೆಯಿತು. ಕಿರುಪರೀಕ್ಷೆಯನ್ನು ‘ಪ್ರಿಪೋನ್’ ಮಾಡಲಾಗಿದೆ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಎಲ್ಲರೂ ಗೊಣಗಿದರು, ಆದರೆ ಎಲ್ಲರಿಗೂ ಅರ್ಥವಾಯಿತು. ಇದು ನಮ್ಮ ದೇಶದಲ್ಲಿ ಚಲಾವಣೆಗೆ ಬಂದ ಪದ, ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ, ಆದರೆ ಇಂಗ್ಲೆಂಡಿನಲ್ಲಿ ‘ಬ್ರಿಂಗ್ ಫಾರ್ವರ್ಡ್’ ಎನ್ನುತ್ತಾರೆ ಎಂದು ಮೇಡಂ ತರಗತಿಯಲ್ಲಿ ಹೇಳಿದರು. ಫಾರ್ವರ್ಡ್ ಎಂದರೆ ಮುಂದಕ್ಕೆ ತಾನೆ? ನಮ್ಮಲ್ಲಿ ಪರೀಕ್ಷೆ ಮುಂದಕ್ಕೆ ಹೋಯಿತು ಎಂದರೆ ತಡವಾಯಿತು ಎಂದು ಅರ್ಥ, ಮಕ್ಕಳು ಕುಣಿಯುತ್ತಾರೆ. ಅವರಲ್ಲಿ ಮುಂದಕ್ಕೆ ತಂದರು ಎಂದರೆ ಬೇಗ ಬಂತು, ಅಳಬೇಕು. ಮೇಡಂ ಆಗ ಲೆರಾ ಬೊರೊಡಿಟ್‌ಸ್ಕಿ ಎಂಬ ಸಂಶೋಧಕಿ ತಮ್ಮ ಸಹೋದ್ಯೋಗಿಯೊಡನೆ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದರು. ಮುಂದಿನ ಬುಧವಾರದ ಮೀಟಿಂಗನ್ನು ಎರಡು ದಿನ ‘ಮೂವ್ ಫಾರ್ವರ್ಡ್’ ಮಾಡಲಾಗಿದೆ, ಹಾಗಾದರೆ ಮೀಟಿಂಗ್ ಯಾವ ದಿನ ಎಂಬುದು ಪ್ರಶ್ನೆ. ಇಂಗ್ಲಿಷ್ ಮನೆಮಾತಿನವರೇ ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ವಿಮಾನ ನಿಲ್ದಾಣದಲ್ಲಿ ಕೇಳಿದಾಗ, ಆಗ ತಾನೇ ವಿಮಾನದಿಂದ ಇಳಿದು ಬಂದವರಲ್ಲಿ ಶುಕ್ರವಾರ ಎಂದವರು ಹೆಚ್ಚು. ತಾವೇ ಮುಂದೆ ಸಾಗಿ ಬಂದ ಅನುಭವ ಮೈಯಲ್ಲಿರುವಾಗ ಮೀಟಿಂಗ್ ಕೂಡ ತಮ್ಮ ಜೊತೆ ಮುಂದೆ ಸಾಗುತ್ತದೆ ಎಂದು ಅವರಿಗೆ ಅನಿಸುತ್ತದಂತೆ.

ಇದನ್ನು ಮನೆಯಲ್ಲಿ ಹೇಳಿದೆ. ಅಬ್ಬಾ ಹೊಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

ಹೋದ ವಾರ ಅವರು ಸಂತೆಯಿಂದ ಒಂದು ಗೋಡೆ ಗಡಿಯಾರ ತಂದರು. ಹಳೆಯ ಗಡಿಯಾರದ ಪಕ್ಕದಲ್ಲೇ ಮೊಳೆ ಹೊಡೆದು ನೇತುಹಾಕಿ, ಐದೂವರೆ ಗಂಟೆ ಹಿಂದೆ ಇಟ್ಟಿದ್ದಾರೆ. ಆಪಾ ಹೋದ ಮೇಲೆ ಅವಳು ಡ್ಯೂಟಿಯಲ್ಲಿದ್ದಾಳೋ ಮಲಗಿದ್ದಾಳೋ ಎಂದು ಅಮ್ಮಿಗೆ ಗೊತ್ತಾಗಲಿ ಎಂದು. ಮಾರ್ಚ್ 29ರ ಭಾನುವಾರ ಆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು ಎಂದು ನಾನು ನೆನಪಿಸಿದೆ. ಅಬ್ಬಾ ಸ್ಟೂಲಿನ ಮೇಲೆ ನಿಂತಿದ್ದವರು ಹಾಗೇ ತಿರುಗಿ ನನ್ನನ್ನು ನೋಡಿದರು.

"ಮುಂದಕ್ಕೆ ಅಂದ್ರೆ ಯಾವ ಕಡೆ? ನಮ್ಮ ಮುಂದಕ್ಕಾ, ಅವರ ಮುಂದಕ್ಕಾ?"